ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಕ್ಯಾಲಿಬ್ರೇಷನ್ ಮಾಡುವ ಕ್ರಮ

ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಂತೆ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಊರಿಗೆ ಬೇರೆ ನೀರಿನ ಮೂಲವಿಲ್ಲ ಎಂಬ ಕಾರಣಕ್ಕೂ ಈ ಮಿತಿಯನ್ನು ಸಡಿಲಿಸುವಂತಿಲ್ಲ. ಫ್ಲೋರೈಡಿನ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿಗಳ ನೀರು ಪರೀಕ್ಷಿಸಿದವರಿಗೆ 1.4 ಮತ್ತು 1.6ರ ನಡುವಿನ ಅಂತರ ಏನೆಂದು ಚೆನ್ನಾಗಿ ಗೊತ್ತು: ಅದೊಂದು ಬಾವಿಯನ್ನು ಕುಡಿಯಲು ಬಿಡಬೇಕೆ, ಮುಚ್ಚಬೇಕೆ ಎಂಬ ನಿರ್ಧಾರ. ನೈಟ್ರೇಟ್, ಫ್ಲೋರೈಡ್ ಎರಡರ ಸಂಖ್ಯೆಗಳೂ ಬಹಳಷ್ಟು ಪ್ರಯೋಗಾಲಯಗಳಲ್ಲಿ ಸ್ಪೆಕ್ಟ್ರೋಫೋಟೋಮೀಟರಿನಿಂದಲೇ, ಅಂದರೆ ದ್ರಾವಣ ಎಷ್ಟು ಬೆಳಕನ್ನು ಹೀರಿತೆಂದು ಅಳೆದು ಅದರಲ್ಲಿರುವ ಪದಾರ್ಥದ ಪ್ರಮಾಣ ತಿಳಿಸುವ ಉಪಕರಣದಿಂದಲೇ ಬರುತ್ತವೆ. ಆದ್ದರಿಂದ ಆ ಉಪಕರಣ ಸರಿಯಾಗಿದೆಯೆಂದು ನಂಬುವ ಮುನ್ನ ಅದನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ತೆಗೆದುಕೊಂಡಿರುವುದು ಅಲ್ಟ್ರಾವಯಲೆಟ್ ಮತ್ತು ಕಣ್ಣಿಗೆ ಕಾಣುವ ಬೆಳಕು ಎರಡರಲ್ಲೂ ಕೆಲಸ ಮಾಡುವ ಉಪಕರಣವನ್ನು.

ಮೊದಲೇ ಬಿಡಿಸಿಕೊಳ್ಳಬೇಕಾದ ಗೊಂದಲವೊಂದಿದೆ. ಗೊತ್ತಿರುವ ಪ್ರಮಾಣದ ನಾಲ್ಕೈದು ದ್ರಾವಣಗಳನ್ನು ಓದಿ ಎಳೆಯುವ ರೇಖೆಗೂ ಪ್ರಯೋಗಾಲಯಗಳಲ್ಲಿ ಕ್ಯಾಲಿಬ್ರೇಷನ್ ಎಂದೇ ಹೇಳುತ್ತಾರೆ. ಆ ರೇಖೆ ಬೇಕೇ ಬೇಕು. ಆದರೆ ಅದು ಉಪಕರಣದ ಪರೀಕ್ಷೆಯಲ್ಲ. ಶುದ್ಧ ನೀರಿನಲ್ಲಿ ತಯಾರಿಸಿದ ಸ್ಟ್ಯಾಂಡರ್ಡ್ ದ್ರಾವಣಕ್ಕೂ ಬಾವಿಯ ನೀರಿಗೂ ಉಪಕರಣದ ದೋಷ ಒಂದೇ ರೀತಿ ತಗಲುವವರೆಗೆ ಮಾತ್ರ ರೇಖೆ ಆ ದೋಷವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಬಾವಿಯ ನೀರಿನಲ್ಲಿ ಕೊಳೆತ ಎಲೆಯ ಅಂಶವೋ ಮತ್ತಾವುದೋ ಸಾವಯವ ಪದಾರ್ಥವೋ ಸೇರಿದ್ದರೆ ಆ ಸರಿದೂಗುವಿಕೆ ಮುರಿದುಬೀಳುತ್ತದೆ, ರೇಖೆ ಮಾತ್ರ ನೋಡಲು ನೆಟ್ಟಗೇ ಇರುತ್ತದೆ. ಹಾಗಾಗಿ ಉಪಕರಣವನ್ನು ಪ್ರತ್ಯೇಕವಾಗಿ, ಪ್ರಮಾಣಪತ್ರವಿರುವ ವಸ್ತುಗಳೊಂದಿಗೆ ಹೋಲಿಸಿ ನೋಡಲೇಬೇಕು. ಈ ಲೇಖನದಲ್ಲಿ ಕ್ಯಾಲಿಬ್ರೇಷನ್ ಎಂಬ ಮಾತನ್ನು ಆ ಅರ್ಥದಲ್ಲೇ ಬಳಸಲಾಗಿದೆ.

ಉಪಕರಣ ಚಾಲೂ ಮಾಡಿದಾಗ ಪರದೆಯ ಮೇಲೆ ಮೂಡುವ 'ಪಾಸ್' ಎಂಬ ಪದವನ್ನು ಈ ಹೋಲಿಕೆಯ ಬದಲಿಗೆ ಇಟ್ಟುಕೊಳ್ಳಬಾರದು. ಹೆಚ್ಚಿನ ಉಪಕರಣಗಳು ಆಗ ಅಲ್ಟ್ರಾವಯಲೆಟ್ ಬೆಳಕು ಕೊಡುವ ತಮ್ಮದೇ ಡ್ಯೂಟೀರಿಯಂ ದೀಪದ, 656.1 ನ್ಯಾನೋಮೀಟರ್ ತರಂಗಾಂತರದ ಗೆರೆಯನ್ನು ಹುಡುಕಿ, ಅದಕ್ಕೆ ತಕ್ಕಂತೆ ತಮ್ಮನ್ನು ಹೊಂದಿಸಿಕೊಳ್ಳುತ್ತವೆ. ಅದು ಉಪಯುಕ್ತವಾದ ಕೆಲಸವೇ. ಆದರೆ 656.1ರಲ್ಲಿ ಸರಿಯಿರುವ ಉಪಕರಣ ನೈಟ್ರೇಟ್ ಓದುವ 220ರಲ್ಲೂ ಸರಿಯಿದೆ ಎಂಬುದಕ್ಕೆ ಅದರಿಂದ ಯಾವ ಆಧಾರವೂ ಸಿಗುವುದಿಲ್ಲ.

ಸಿದ್ಧತೆ

ಉಪಕರಣ ಇರುವ ಮೇಜು ಅಲುಗಾಡಬಾರದು. ಸೆಂಟ್ರಿಫ್ಯೂಜ್ ಅಥವಾ ಶೇಕರ್ ಅದೇ ಮೇಜಿನ ಮೇಲಿರಬಾರದು. ಕಿಟಕಿಯ ಬಿಸಿಲು, ಎಸಿಯ ನೇರ ಗಾಳಿ ಬೀಳಬಾರದು. ವಿದ್ಯುತ್ತಿನ ಏರಿಳಿತ ಹೆಚ್ಚಿರುವ ಊರುಗಳಲ್ಲಿ ಯುಪಿಎಸ್ ಮೂಲಕವೇ ಸಂಪರ್ಕ ಕೊಡಬೇಕು, ಏಕೆಂದರೆ ದೀಪ ಪದೇಪದೇ ಆರಿ ಹತ್ತಿದರೆ ಅದರ ಆಯುಷ್ಯವೂ ಕುಗ್ಗುತ್ತದೆ, ಬೆಳಕೂ ಸ್ಥಿರವಾಗಿ ನಿಲ್ಲುವುದಿಲ್ಲ. ಮಂಗಳೂರು, ಕಾರವಾರದಂತಹ ಕರಾವಳಿಯ ಊರುಗಳಲ್ಲಿ ಮಳೆಗಾಲದ ತೇವ ಒಳಗಿನ ಕನ್ನಡಿಗಳನ್ನು ಮಂಕಾಗಿಸುವುದರಿಂದ ಮಾದರಿ ಇಡುವ ಕೋಣೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ತಿರುಗಿದೊಡನೆ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬೇಕು. ದೀಪ ಹೊತ್ತಿಸಿದ ಮೇಲೆ ಕನಿಷ್ಠ 30 ನಿಮಿಷ ಕಾಯಬೇಕು. ಬೆಳಗಿನ ಗಡಿಬಿಡಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವುದು ಈ ಅರ್ಧ ಗಂಟೆಯೇ. ದೀಪ ಎಷ್ಟು ಗಂಟೆ ಉರಿದಿದೆ ಎಂಬುದನ್ನು ಉಪಕರಣವೇ ತೋರಿಸಿದರೆ ಅದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ದೀಪದ ಕೋಣೆ ತೆರೆಯಬೇಕಾದಾಗ ಡ್ಯೂಟೀರಿಯಂ ದೀಪವನ್ನು ಬರಿಗಣ್ಣಿನಿಂದ ನೋಡಕೂಡದು.

ಕ್ಯುವೆಟ್‌ಗಳ, ಅಂದರೆ ಮಾದರಿ ತುಂಬಿಡುವ ಪುಟ್ಟ ಪಾರದರ್ಶಕ ಪಾತ್ರೆಗಳ, ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಉಪಕರಣದ ತಪ್ಪೆಂದು ದೂರುವ ಎಷ್ಟೋ ತಪ್ಪುಗಳು ಕ್ಯುವೆಟ್ಟಿನವು. ಸಾಮಾನ್ಯ ಗಾಜು ಸುಮಾರು 320 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕನ್ನು ತಾನೇ ನುಂಗಿಬಿಡುತ್ತದೆ. 220ರಲ್ಲಿ ನೈಟ್ರೇಟ್ ಓದಲು ಕ್ವಾರ್ಟ್ಜ್ ಕ್ಯುವೆಟ್ ಬೇಕು. ಹಿಡಿಯುವುದು ಮಸುಕಾದ ಪಕ್ಕಗಳಲ್ಲಿ ಮಾತ್ರ. ಬೆರಳಿನ ಜಿಡ್ಡು ಕಣ್ಣಿಗೆ ಕಾಣದಿದ್ದರೂ ಅಲ್ಟ್ರಾವಯಲೆಟ್ ಬೆಳಕಿಗೆ ಅಡ್ಡವಾಗುತ್ತದೆ. ಮಾದರಿಗೊಂದು, ಹೋಲಿಕೆಯ ಶುದ್ಧ ನೀರಿಗೊಂದು ಎಂದು ಬಳಸುವ ಎರಡೂ ಕ್ಯುವೆಟ್‌ಗಳಿಗೆ ಒಂದೇ ಶುದ್ಧ ನೀರು ತುಂಬಿ, 220, 350 ಮತ್ತು 570 ನ್ಯಾನೋಮೀಟರಿನಲ್ಲಿ ಒಂದರ ಎದುರು ಇನ್ನೊಂದನ್ನು ಓದಿ. ಅಬ್ಸಾರ್ಬೆನ್ಸಿನಲ್ಲಿ, ಅಂದರೆ ಬೆಳಕಿನ ಹೀರಿಕೆಯ ಅಳತೆಯಲ್ಲಿ, ವ್ಯತ್ಯಾಸ 0.005ರೊಳಗಿದ್ದರೆ ಜೋಡಿ ಚೆನ್ನಾಗಿದೆ, 0.01 ದಾಟಿದರೆ ತೊಳೆದು ಮತ್ತೆ ಓದಬೇಕು, ಆಗಲೂ ದಾಟಿದರೆ ಆ ಜೋಡಿಯನ್ನು ಬಿಡಬೇಕು. ಕ್ಯುವೆಟ್ಟಿನ ಬಾಣದ ಗುರುತು ಯಾವಾಗಲೂ ಒಂದೇ ದಿಕ್ಕಿಗೆ ಇರಲಿ. ತಣ್ಣಗಿನ ನೀರನ್ನು ನೇರವಾಗಿ ತುಂಬಿದರೆ ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟುವುದರಿಂದ ದ್ರಾವಣಗಳೆಲ್ಲ ಕೋಣೆಯ ಉಷ್ಣತೆಗೆ ಬಂದಿರಬೇಕು.

ತರಂಗಾಂತರದ ಪರೀಕ್ಷೆ

ಉಪಕರಣ 220 ಎಂದು ತೋರಿಸುವಾಗ ಮಾದರಿಯ ಮೇಲೆ ಬೀಳುತ್ತಿರುವುದು ನಿಜಕ್ಕೂ 220 ನ್ಯಾನೋಮೀಟರಿನ ಬೆಳಕೇ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಸಾಕ್ಷಿ ಹೋಲ್ಮಿಯಂ ಎಂಬ ಧಾತು. ಹೋಲ್ಮಿಯಂ ಆಕ್ಸೈಡನ್ನು ಪರ್ಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ದ್ರಾವಣ ಕೆಲವು ಕಿರಿದಾದ ತರಂಗಾಂತರಗಳಲ್ಲಿ ಮಾತ್ರ ಬೆಳಕನ್ನು ಬಲವಾಗಿ ಹೀರುತ್ತದೆ, ಅವುಗಳಲ್ಲಿ 241.15, 287.15, 361.5 ಮತ್ತು 536.3 ನ್ಯಾನೋಮೀಟರಿನ ಶಿಖರಗಳನ್ನು ಔಷಧಗಳ ಅಧಿಕೃತ ಮಾನಕ ಗ್ರಂಥಗಳಾದ ಫಾರ್ಮಕೋಪಿಯಾಗಳೂ ಒಪ್ಪಿವೆ. ಪರ್ಕ್ಲೋರಿಕ್ ಆಮ್ಲ ಅಪಾಯಕಾರಿಯಾದ್ದರಿಂದ ದ್ರಾವಣವನ್ನು ತಾವೇ ತಯಾರಿಸುವ ಬದಲು ಕ್ವಾರ್ಟ್ಜ್ ಕ್ಯುವೆಟ್ಟಿನಲ್ಲಿ ಕಾಯಂ ಆಗಿ ಮುಚ್ಚಿ, ಪ್ರಮಾಣಪತ್ರದೊಂದಿಗೆ ಮಾರುವುದನ್ನು ಕೊಳ್ಳುವುದೇ ಲೇಸು. ಹೋಲ್ಮಿಯಂ ಗಾಜಿನ ಫಿಲ್ಟರ್ ಇನ್ನೂ ಅಗ್ಗ, ಒಡೆದು ಚೆಲ್ಲುವ ಭಯವಿಲ್ಲ. ಆದರೆ ಗಾಜಿನ ಶಿಖರಗಳು ದ್ರಾವಣದ ಶಿಖರಗಳಿಗಿಂತ ತುಸು ಬೇರೆ ಜಾಗದಲ್ಲಿರುತ್ತವೆ. ಆದ್ದರಿಂದ ಒಂದರ ಅಂಕಿಗಳನ್ನು ಇನ್ನೊಂದಕ್ಕೆ ಹಚ್ಚಬಾರದು, ಕೈಯಲ್ಲಿರುವ ಫಿಲ್ಟರಿನ ಪ್ರಮಾಣಪತ್ರದಲ್ಲಿ ಬರೆದಿರುವುದನ್ನೇ ನೋಡಬೇಕು.

ಸ್ಕ್ಯಾನ್ ಮಾಡುವಾಗ ವೇಗ ಕಡಿಮೆ ಇರಲಿ, ಓದುವ ಅಂತರ 0.1 ಅಥವಾ 0.2 ನ್ಯಾನೋಮೀಟರ್ ಇರಲಿ, ಬ್ಯಾಂಡ್‌ವಿಡ್ತ್ (ಒಮ್ಮೆಗೆ ಹಾಯುವ ತರಂಗಾಂತರಗಳ ಹರವು) ಪ್ರಮಾಣಪತ್ರದಲ್ಲಿ ಹೇಳಿದಷ್ಟೇ ಇರಲಿ. ಪ್ರತಿ ಶಿಖರವನ್ನು ಕನಿಷ್ಠ ಮೂರು ಬಾರಿ ಓದಿ, ಸರಾಸರಿಯ ಜೊತೆಗೆ ಮೂರರ ನಡುವಿನ ಅಂತರವನ್ನೂ ಬರೆದುಕೊಳ್ಳಬೇಕು. ಸಾಮಾನ್ಯವಾಗಿ ಒಪ್ಪುವ ಮಿತಿ 200ರಿಂದ 400ರವರೆಗೆ ಹೆಚ್ಚೆಂದರೆ 1 ನ್ಯಾನೋಮೀಟರ್, 400ರಿಂದ 600ರವರೆಗೆ 3 ನ್ಯಾನೋಮೀಟರ್ ಆಚೀಚೆ. ನೀರಿನ ಕೆಲಸಕ್ಕೆ ಈ ಮಿತಿಯಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ. ನೈಟ್ರೇಟಿನ ಹೀರಿಕೆಯ ಶಿಖರ ಇರುವುದು 200ರ ಆಸುಪಾಸಿನಲ್ಲಿ. 220 ಎಂಬುದು ಆ ಗುಡ್ಡದ ಕಡಿದಾದ ಇಳಿಜಾರು. ಇಳಿಜಾರಿನಲ್ಲಿ ಒಂದು ಹೆಜ್ಜೆ ತಪ್ಪಿದರೂ ಎತ್ತರ ಬಹಳ ಬದಲಾಗುವಂತೆ, ತರಂಗಾಂತರ ಒಂದಿಷ್ಟು ಸರಿದರೂ ಅಬ್ಸಾರ್ಬೆನ್ಸ್ ಗಮನಾರ್ಹವಾಗಿ ಬದಲಾಗುತ್ತದೆ. ಈ ಸರಿಯುವಿಕೆ ಸದಾ ಒಂದೇ ಸಮನಾಗಿದ್ದರೆ ಸ್ಟ್ಯಾಂಡರ್ಡ್ ರೇಖೆ ಅದನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಆದರೆ ಈ ವಿಧಾನದಲ್ಲಿ ಪ್ರತಿ ಮಾದರಿಯನ್ನೂ 220ರಲ್ಲಿ ಒಮ್ಮೆ, ಸಾವಯವ ಪದಾರ್ಥದ ಪಾಲನ್ನು ಕಳೆಯಲು 275ರಲ್ಲಿ ಇನ್ನೊಮ್ಮೆ ಓದಬೇಕಾಗುತ್ತದೆ. ಉಪಕರಣ ಪ್ರತಿ ಸಲ 275ಕ್ಕೆ ಹೋಗಿ 220ಕ್ಕೆ ಮರಳುವಾಗ ಅದೇ ಜಾಗಕ್ಕೆ ಬಂದು ನಿಲ್ಲದಿದ್ದರೆ ಯಾವ ರೇಖೆಯೂ ಅದನ್ನು ಸರಿಪಡಿಸಲಾರದು. ಆದ್ದರಿಂದ ಮಧ್ಯದ ಸಾಂದ್ರತೆಯ ಒಂದು ನೈಟ್ರೇಟ್ ದ್ರಾವಣವಿಟ್ಟು, ತರಂಗಾಂತರವನ್ನು 275ಕ್ಕೆ ಒಯ್ದು ಮತ್ತೆ 220ಕ್ಕೆ ತಂದು, ಹೀಗೆ ಹತ್ತು ಬಾರಿ ಓದಿ ನೋಡಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಕಾಲು ಗಂಟೆ ಸಾಕು. ಹತ್ತು ಓದುಗಳು ಚದುರಿದ್ದರೆ ತರಂಗಾಂತರ ತಿರುಗಿಸುವ ಯಂತ್ರಭಾಗ ಸವೆದಿದೆಯೋ ಎಂದು ಪರೀಕ್ಷಿಸಲು ಸರ್ವೀಸ್ ಎಂಜಿನಿಯರನ್ನು ಕರೆಸಬೇಕು.

ದಾರಿ ತಪ್ಪಿ ಬರುವ ಬೆಳಕು

ಎರಡನೆಯ ಪರೀಕ್ಷೆ ಸ್ಟ್ರೇ ಲೈಟ್ ಎಂಬ ದೋಷದ್ದು. ನೀರಿನ ನೈಟ್ರೇಟಿಗೆ ಸಂಬಂಧಿಸಿದಂತೆ ಇದೇ ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿದ್ದೇನೆ, ಆದರೆ ಹಲವು ಕಡೆ ಇದನ್ನೇ ಕೈಬಿಡುತ್ತಾರೆ. 220 ನ್ಯಾನೋಮೀಟರಿನ ಬೆಳಕನ್ನು ಮಾತ್ರ ಆರಿಸಿ ಕಳಿಸಬೇಕಾದ ಭಾಗದಲ್ಲಿ ಧೂಳು ಕೂತರೆ, ಕನ್ನಡಿ ಮಂಕಾದರೆ, ಬೇರೆ ತರಂಗಾಂತರದ ಬೆಳಕೂ ಸ್ವಲ್ಪ ನುಸುಳಿ, ಬೆಳಕನ್ನು ಅಳೆಯುವ ಡಿಟೆಕ್ಟರ್ ಮುಟ್ಟುತ್ತದೆ. ದೀಪ ಹಳತಾದಾಗ ಅದರ ಅಲ್ಟ್ರಾವಯಲೆಟ್ ಬೆಳಕು ಕುಗ್ಗಿ, ಈ ನುಸುಳಿದ ಬೆಳಕಿನ ಪಾಲು ಇನ್ನಷ್ಟು ದೊಡ್ಡದಾಗುತ್ತದೆ. ಮಾದರಿ ಆ ಬೆಳಕನ್ನು ಹೀರುವುದಿಲ್ಲ. ಹಾಗಾಗಿ ಡಿಟೆಕ್ಟರಿಗೆ ಬೆಳಕು ಹೆಚ್ಚು ತಲುಪಿದಂತೆ, ಮಾದರಿಯಲ್ಲಿ ಪದಾರ್ಥ ಕಡಿಮೆಯಿದ್ದಂತೆ ಕಾಣುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರ ತೂಕ ತಿಳಿಯುತ್ತದೆ. ನಿಜವಾದ ಅಬ್ಸಾರ್ಬೆನ್ಸ್ 2 ಇರುವ ದ್ರಾವಣ ನೂರರಲ್ಲಿ ಒಂದು ಪಾಲು ಬೆಳಕನ್ನು ಬಿಡುತ್ತದೆ. ಸ್ಟ್ರೇ ಲೈಟ್ ಶೇಕಡಾ 1 ಇದ್ದರೆ ಡಿಟೆಕ್ಟರಿಗೆ ಒಂದರ ಬದಲು ಎರಡು ಪಾಲು ಮುಟ್ಟುತ್ತದೆ, ಒಟ್ಟು ಬೆಳಕು 101 ಪಾಲು. ಪರದೆಯ ಮೇಲೆ ಬರುವುದು 1.70. ಅದೇ ದೋಷ ಅಬ್ಸಾರ್ಬೆನ್ಸ್ 1 ಇರುವಲ್ಲಿ 0.96 ತೋರಿಸುತ್ತದೆ. ಸ್ಟ್ರೇ ಲೈಟ್ ಶೇಕಡಾ 0.1 ಮಾತ್ರ ಇದ್ದರೆ 2ರ ಜಾಗದಲ್ಲಿ 1.96. ಅಂದರೆ ಪ್ರಮಾಣ ಹೆಚ್ಚಿದಷ್ಟೂ ತಪ್ಪು ಹೆಚ್ಚುತ್ತದೆ, ಮತ್ತು ಆ ತಪ್ಪು ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ. ಕೆಟ್ಟ ನೀರು ಪರವಾಗಿಲ್ಲ ಎನ್ನುವಂತೆ ತೋರುವುದು ಹೀಗೆ. ಶುದ್ಧ ನೀರಿನ ಸ್ಟ್ಯಾಂಡರ್ಡ್‌ಗಳಿಗೆ ಹೋಲಿಸಿದರೆ ಸಾವಯವ ಪದಾರ್ಥವೂ ಸೇರಿದ ಬಾವಿಯ ನೀರಿನ ಒಟ್ಟು ಅಬ್ಸಾರ್ಬೆನ್ಸ್ ಹೆಚ್ಚಿರುವುದರಿಂದ ಅದಕ್ಕೆ ಈ ದೋಷ ಇನ್ನೂ ಜೋರಾಗಿ ತಟ್ಟುತ್ತದೆ. ಸ್ಟ್ಯಾಂಡರ್ಡ್ ರೇಖೆಯನ್ನಷ್ಟೇ ನಂಬಬಾರದೆಂದು ಆರಂಭದಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಪರೀಕ್ಷೆ ಸರಳ. ಲೀಟರಿಗೆ 10 ಗ್ರಾಂ ಸೋಡಿಯಂ ಅಯೋಡೈಡ್ ಇರುವ ತಾಜಾ ದ್ರಾವಣ 220 ನ್ಯಾನೋಮೀಟರಿನ ಬೆಳಕನ್ನು ಬಹುತೇಕ ಸಂಪೂರ್ಣವಾಗಿ ತಡೆಯುತ್ತದೆ. 1 ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ, ಶುದ್ಧ ನೀರನ್ನು ಎದುರಿಟ್ಟು ಓದಿದಾಗ ಕಾಣುವ ಬೆಳಕೆಲ್ಲ ದಾರಿ ತಪ್ಪಿ ಬಂದದ್ದೇ. ಅಬ್ಸಾರ್ಬೆನ್ಸ್ 3 ದಾಟಿದರೆ ನೆಮ್ಮದಿ. 2ರ ಹತ್ತಿರಕ್ಕೆ ಇಳಿದಿದ್ದರೆ ಸ್ಟ್ರೇ ಲೈಟ್ ಶೇಕಡಾ 1ರ ಹತ್ತಿರಕ್ಕೆ ಬಂದಿದೆ ಎಂದರ್ಥ, ಅಂತಹ ಉಪಕರಣದಲ್ಲಿ ನೈಟ್ರೇಟ್ ಓದಬಾರದು. 200 ನ್ಯಾನೋಮೀಟರಿನ ಬಳಿ ಇದೇ ಕೆಲಸಕ್ಕೆ ಶೇಕಡಾ 1.2ರ ಪೊಟ್ಯಾಸಿಯಂ ಕ್ಲೋರೈಡ್, 340ರಲ್ಲಿ ಲೀಟರಿಗೆ 50 ಗ್ರಾಂ ಸೋಡಿಯಂ ನೈಟ್ರೈಟ್ ಬಳಸುತ್ತಾರೆ. ಪೊಟ್ಯಾಸಿಯಂ ಕ್ಲೋರೈಡಿನ ಪರೀಕ್ಷೆಯಲ್ಲಿ ಅಬ್ಸಾರ್ಬೆನ್ಸ್ 2ಕ್ಕಿಂತ ಹೆಚ್ಚಿರಬೇಕು. ಅಯೋಡೈಡ್ ದ್ರಾವಣ ಹಳದಿ ತಿರುಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿಕೊಳ್ಳಿ.

ಅಬ್ಸಾರ್ಬೆನ್ಸಿನ ಪರೀಕ್ಷೆ

ಇನ್ನು ಉಳಿದ ಪ್ರಶ್ನೆ, ಪರದೆಯ ಮೇಲಿನ ಅಬ್ಸಾರ್ಬೆನ್ಸ್ ನಿಜವಾದ ಅಬ್ಸಾರ್ಬೆನ್ಸೇ ಎಂಬುದು. ಇದಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುತ್ತಾರೆ. ಶುದ್ಧ ಡೈಕ್ರೋಮೇಟನ್ನು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಬದಲಾಗದೆ ನಿಲ್ಲುವವರೆಗೆ ಒಣಗಿಸಿ, ಡೆಸಿಕೇಟರಿನಲ್ಲಿ ಆರಿಸಬೇಕು. ಕೊನೆಯ ದ್ರಾವಣದಲ್ಲಿ ಲೀಟರಿಗೆ 57ರಿಂದ 63 ಮಿಲಿಗ್ರಾಂ ಇರಬೇಕು. 60 ಮಿಲಿಗ್ರಾಂ ನೇರವಾಗಿ ತೂಗಿದರೆ ತಕ್ಕಡಿಯ 0.1 ಮಿಲಿಗ್ರಾಂ ತಪ್ಪೂ ದೊಡ್ಡದೇ. ಅದಕ್ಕಾಗಿ 300 ಮಿಲಿಗ್ರಾಂ ತೂಗಿ 500 ಮಿಲಿಲೀಟರಿಗೆ ಕರಗಿಸಿ, ಅದರಲ್ಲಿ 10 ಮಿಲಿಲೀಟರನ್ನು ಪಿಪೆಟ್ಟಿನಿಂದ ತೆಗೆದು 100 ಮಿಲಿಲೀಟರಿಗೆ ಏರಿಸುವ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಎರಡೂ ಹಂತಗಳಲ್ಲಿ 0.005 ಮೋಲಾರ್ ಸಲ್ಫ್ಯೂರಿಕ್ ಆಮ್ಲವನ್ನೇ ಬಳಸಬೇಕು, ಬರೀ ನೀರನ್ನಲ್ಲ, ಏಕೆಂದರೆ ಆಮ್ಲತೆ ಬದಲಾದರೆ ಡೈಕ್ರೋಮೇಟ್ ಬೇರೆ ರೂಪಗಳಿಗೆ ತಿರುಗಿ ಹೀರಿಕೆಯೂ ಬದಲಾಗುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 0.28 ಮಿಲಿಲೀಟರ್ ಗಾಢ ಆಮ್ಲ ಹಾಕಿದರೆ ಈ ಸಾಂದ್ರತೆ ಬರುತ್ತದೆ.

ಅದೇ ಆಮ್ಲವನ್ನು ಬ್ಲಾಂಕ್ ಆಗಿ, ಅಂದರೆ ಪದಾರ್ಥ ಬೆರೆಸದ ಹೋಲಿಕೆಯ ದ್ರಾವಣವಾಗಿ ಇಟ್ಟು 235, 257, 313 ಮತ್ತು 350 ನ್ಯಾನೋಮೀಟರಿನಲ್ಲಿ ಓದಿ, ಪ್ರತಿ ಓದನ್ನು 100 ಮಿಲಿಲೀಟರಿನಲ್ಲಿ ಎಷ್ಟು ಗ್ರಾಂ ಡೈಕ್ರೋಮೇಟ್ ಇದೆಯೋ ಅದರಿಂದ ಭಾಗಿಸಬೇಕು. ಬರಬೇಕಾದ ಸಂಖ್ಯೆಗಳು ಅನುಕ್ರಮವಾಗಿ ಸುಮಾರು 124.5, 144, 48.6 ಮತ್ತು 107. ಆಚೀಚೆ ಎಷ್ಟು ಬಿಡಬಹುದೆಂಬ ಮಿತಿಯನ್ನು ನಿಮ್ಮ ಪ್ರಯೋಗಾಲಯ ಒಪ್ಪಿರುವ ಫಾರ್ಮಕೋಪಿಯಾದ ಅಥವಾ ಪ್ರಮಾಣಪತ್ರದ ಚಾಲ್ತಿ ಆವೃತ್ತಿಯಿಂದಲೇ ತೆಗೆದುಕೊಳ್ಳಬೇಕು. ಉದಾಹರಣೆಗೆ ಲೀಟರಿಗೆ 60.4 ಮಿಲಿಗ್ರಾಂ ಇರುವ ದ್ರಾವಣ 350ರಲ್ಲಿ 0.646 ಓದಿದರೆ, 0.646 ಭಾಗಿಸು 0.00604, ಅಂದರೆ 107.0.

ಈ ನಾಲ್ಕು ತರಂಗಾಂತರಗಳ ಆಯ್ಕೆಯಲ್ಲಿ ಒಂದು ಜಾಣತನವಿದೆ. 257 ಮತ್ತು 350 ಶಿಖರಗಳು, 235 ಮತ್ತು 313 ಕಣಿವೆಗಳು. ತರಂಗಾಂತರ ಸರಿದಿದ್ದರೆ ಅಥವಾ ಬ್ಯಾಂಡ್‌ವಿಡ್ತ್ ಹೆಚ್ಚು ಅಗಲವಾಗಿದ್ದರೆ ಶಿಖರಗಳ ಓದು ಇಳಿದು ಕಣಿವೆಗಳ ಓದು ಏರುತ್ತದೆ. ನಾಲ್ಕೂ ಒಂದೇ ಶೇಕಡಾವಾರಿನಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ ತಪ್ಪು ತೂಕದಲ್ಲೋ ಪಿಪೆಟ್ಟಿನಲ್ಲೋ ಆಗಿರುವ ಸಂಭವ ಹೆಚ್ಚು. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಅಬ್ಸಾರ್ಬೆನ್ಸ್, ಉದಾಹರಣೆಗೆ 0.01, ಕೂಡಿಕೊಂಡಿದ್ದರೆ ಕ್ಯುವೆಟ್‌ಗಳ ಜೋಡಿ ಸರಿಯಿಲ್ಲ. ಸಂಖ್ಯೆ ಮಿತಿಯೊಳಗೆ ಬಂತೋ ಇಲ್ಲವೋ ಎಂದು ಮಾತ್ರ ನೋಡಿ ಹಾಳೆ ಮಡಚುವವರಿಗೆ ಈ ಗುಟ್ಟು ಸಿಗುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ಇಟ್ಟು ಓದಬೇಕು.

ಡೈಕ್ರೋಮೇಟ್ ವಿಷಕಾರಿ, ಕ್ಯಾನ್ಸರ್‌ಕಾರಕ. ಕೈಗವಸು ಕಡ್ಡಾಯ, ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಕ್ರೋಮಿಯಂ ತ್ಯಾಜ್ಯದ ಬಾಟಲಿಗೆ ಹಾಕಬೇಕು. ಜನರ ಕುಡಿಯುವ ನೀರನ್ನು ಕಾಯುವ ಪ್ರಯೋಗಾಲಯದಿಂದಲೇ ಕ್ರೋಮಿಯಂ ಚರಂಡಿಗೆ ಹರಿಯಬಾರದು.

ಇದೇ ಡೈಕ್ರೋಮೇಟಿನಿಂದ ಲೀಟರಿಗೆ 20, 40, 60, 80, 100 ಮಿಲಿಗ್ರಾಂ ದ್ರಾವಣಗಳನ್ನು ಮಾಡಿ, 257ರಲ್ಲಿ ಓದಿ, ರೇಖೆ ನೇರವಿದೆಯೇ ಎಂದೂ ನೋಡಬಹುದು. ಬಿಂದುಗಳು ರೇಖೆಗೆ ಎಷ್ಟು ಹೊಂದುತ್ತವೆ ಎಂದು ಹೇಳುವ ಕೋರಿಲೇಷನ್ 0.999 ಬಂದರೆ ಸಾಕೆಂದು ನಿಲ್ಲಬೇಡಿ. ಪ್ರತಿ ಬಿಂದು ರೇಖೆಯಿಂದ ಎಷ್ಟು ದೂರವಿದೆ ಎಂದು ಬರೆಯಿರಿ. ಮೇಲಿನ ತುದಿಯ ಬಿಂದು ಸತತವಾಗಿ ಕೆಳಗೆ ಬಾಗುತ್ತಿದ್ದರೆ ಸ್ಟ್ರೇ ಲೈಟ್ ಪರೀಕ್ಷೆಗೆ ಮರಳಬೇಕು.

ಫ್ಲೋರೈಡನ್ನು ಸ್ಪಾಡ್ನ್ಸ್ ಎಂಬ ಬಣ್ಣ ಬಳಸುವ ವಿಧಾನದಲ್ಲಿ 570 ನ್ಯಾನೋಮೀಟರಿನಲ್ಲಿ ಓದುವವರಿಗೆ ಕಾಣುವ ಬೆಳಕಿನ ಭಾಗದಲ್ಲೂ ಇಂತಹ ಪರೀಕ್ಷೆ ಬೇಕು. ಅದಕ್ಕೆ ಡೈಕ್ರೋಮೇಟ್ ಒದಗುವುದಿಲ್ಲ. ಬೂದುಬಣ್ಣದ ನ್ಯೂಟ್ರಲ್ ಡೆನ್ಸಿಟಿ ಗಾಜಿನ ಫಿಲ್ಟರ್‌ಗಳ ಸೆಟ್ಟನ್ನು ಸಾಮಾನ್ಯವಾಗಿ 440, 465, 546.1, 590 ಮತ್ತು 635 ನ್ಯಾನೋಮೀಟರಿನ ಮೌಲ್ಯಗಳೊಂದಿಗೆ ಪ್ರಮಾಣೀಕರಿಸಿರುತ್ತಾರೆ. ಸ್ಪಾಡ್ನ್ಸ್ ವಿಧಾನದಲ್ಲಿ ಫ್ಲೋರೈಡ್ ಹೆಚ್ಚಿದಂತೆ ಬಣ್ಣ ಇಳಿಯುತ್ತದೆ. ಗಾಢ ಬಣ್ಣದ ಮೇಲಿನ ಸಣ್ಣ ಇಳಿಕೆಯನ್ನು ಅಳೆಯುವ ಕೆಲಸವಾದ್ದರಿಂದ ಕ್ಯುವೆಟ್ಟಿನ 0.01ರ ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ಟ್ಯಾಂಡರ್ಡ್‌ಗಳೂ ಮಾದರಿಗಳೂ ಒಂದೇ ಉಷ್ಣತೆಯಲ್ಲಿರಬೇಕು.

ಬ್ಯಾಂಡ್‌ವಿಡ್ತ್ ನೋಡಲು ಹೆಕ್ಸೇನಿನಲ್ಲಿ ಶೇಕಡಾ 0.02 ಟಾಲ್ವೀನ್ ಇರುವ ದ್ರಾವಣದ 269ರ ಶಿಖರವನ್ನು 266ರ ಕಣಿವೆಯಿಂದ ಭಾಗಿಸುತ್ತಾರೆ. ಔಷಧ ಪರೀಕ್ಷೆಯಲ್ಲಿ ಇದು ಅಗತ್ಯ. ನೀರಿನ ಪ್ರಯೋಗಾಲಯ ಉಪಕರಣ ಕೊಂಡಾಗ ಮತ್ತು ದೊಡ್ಡ ರಿಪೇರಿಯಾದ ಮೇಲೆ ಮಾಡಿದರೆ ಸಾಕು.

ಪ್ರಮಾಣಪತ್ರ ಮತ್ತು ದಾಖಲೆ

ಈ ಎಲ್ಲ ಹೋಲಿಕೆಗಳೂ ಕೈಯಲ್ಲಿರುವ ಫಿಲ್ಟರ್ ಮತ್ತು ದ್ರಾವಣಗಳಷ್ಟೇ ನಂಬಿಕೆಗೆ ಅರ್ಹ. ನಮ್ಮ ದೇಶದಲ್ಲಿ ಅಳತೆಗಳ ಸರಪಳಿಯ ಮೊದಲ ಕೊಂಡಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿಂದ ಕೆಳಗೆ, ಪ್ರಯೋಗಾಲಯಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್ ಮಾನ್ಯತೆ ಪಡೆದ ಕ್ಯಾಲಿಬ್ರೇಷನ್ ಪ್ರಯೋಗಾಲಯಗಳಿವೆ. ಪ್ರಮಾಣಪತ್ರ ಬಂದಾಗ ಅದನ್ನು ಫೈಲಿಗೆ ಸೇರಿಸುವ ಮುನ್ನ ಮೂರು ವಿಷಯ ಓದಬೇಕು: ಮೌಲ್ಯ, ಅದರ ಅನಿಶ್ಚಿತತೆ, ಮತ್ತು ಯಾವ ಬ್ಯಾಂಡ್‌ವಿಡ್ತಿನಲ್ಲಿ ಅಳೆದದ್ದು ಎಂಬುದು. ಗಾಜಿನ ಫಿಲ್ಟರ್‌ಗಳ ಮೇಲ್ಮೈ ವರ್ಷಗಳು ಕಳೆದಂತೆ ಬದಲಾಗುವುದರಿಂದ ಅವಧಿ ಮುಗಿದೊಡನೆ ಮರುಪ್ರಮಾಣೀಕರಣಕ್ಕೆ ಕಳಿಸಬೇಕು.

ಪ್ರತಿ ದಿನ ಬ್ಲಾಂಕ್ ಜೊತೆಗೆ, ಸ್ಟ್ಯಾಂಡರ್ಡ್ ರೇಖೆಗೆ ಬಳಸಿದ್ದಲ್ಲದ ಬೇರೆ ಬಾಟಲಿಯಿಂದ ತಯಾರಿಸಿದ ಒಂದು ನೈಟ್ರೇಟ್ ದ್ರಾವಣವನ್ನು ಓದಿ, ಅದರ ಬೆಲೆಯನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಾಗಿ ಗುರುತಿಸಬೇಕು. ಚುಕ್ಕಿಗಳು ಮಿತಿಯೊಳಗೇ ಇದ್ದು, ವಾರಗಟ್ಟಲೆ ಒಂದೇ ಕಡೆಗೆ ಜಾರುತ್ತಿದ್ದರೆ ಅದೇ ಮುನ್ಸೂಚನೆ. ಸ್ಟ್ರೇ ಲೈಟ್ ಮತ್ತು ಹೋಲ್ಮಿಯಂ ಪರೀಕ್ಷೆ ತಿಂಗಳಿಗೊಮ್ಮೆ, ಡೈಕ್ರೋಮೇಟ್ ಪರೀಕ್ಷೆ ಮೂರು ತಿಂಗಳಿಗೊಮ್ಮೆ ನಡೆಯಲಿ. ದೀಪ ಬದಲಿಸಿದಾಗ, ರಿಪೇರಿಯಾದಾಗ, ಉಪಕರಣವನ್ನು ಕೋಣೆಯಿಂದ ಕೋಣೆಗೆ ಸರಿಸಿದಾಗ ದಿನಾಂಕ ನೋಡದೆ ಎಲ್ಲವನ್ನೂ ಮಾಡಬೇಕು. ಹಳ್ಳಿಯಿಂದ ಹಳ್ಳಿಗೆ ಹೋಗುವ ಸಂಚಾರಿ ಪ್ರಯೋಗಾಲಯದ ವಾಹನದಲ್ಲಿರುವ ಉಪಕರಣಕ್ಕೆ ಪ್ರತಿ ಪ್ರಯಾಣವೂ ಒಂದು ಸ್ಥಳಾಂತರವೇ ಆದ್ದರಿಂದ, ವಾಹನ ನಿಂತ ಕಡೆಯಲ್ಲೆಲ್ಲ ಕನಿಷ್ಠ ಹೋಲ್ಮಿಯಂ ಫಿಲ್ಟರ್ ಇಟ್ಟು ನೋಡಬೇಕು.

ಪರೀಕ್ಷೆಯಲ್ಲಿ ಉಪಕರಣ ಸೋತರೆ, ಹೊಂದಿಸುವ ಮುನ್ನ ಸೋತ ಓದುಗಳನ್ನು ಇದ್ದ ಹಾಗೆಯೇ ಬರೆದಿಡಿ. ಸರಿಪಡಿಸಿದ ಮೇಲಿನ ಓದುಗಳು ಅದರ ಕೆಳಗೆ ಬರಲಿ. ಹಿಂದಿನ ಬಾರಿ ಗೆದ್ದ ದಿನದಿಂದ ಇಂದಿನವರೆಗೆ ಕೊಟ್ಟ ವರದಿಗಳನ್ನು ಹೊರತೆಗೆದು, ಮಿತಿಯ ಹತ್ತಿರ ನಿಂತ ಬಾವಿಗಳನ್ನು ಗುರುತಿಸಬೇಕು. ನೈಟ್ರೇಟಿನ ಮಾದರಿಯನ್ನು ತಂಪಿನಲ್ಲಿಟ್ಟರೂ ಎರಡು ದಿನಗಳಾಚೆ ಇಡುವಂತಿಲ್ಲವಾದ್ದರಿಂದ ಹಳೆಯ ಬಾಟಲಿಯನ್ನೇ ಮತ್ತೆ ಓದಲಾಗದು. ಆ ಊರಿಗೆ ಮತ್ತೆ ಹೋಗಿ, ಅದೇ ಬಾವಿಯಿಂದ ಹೊಸ ಮಾದರಿ ತಂದು, ಫಲಿತಾಂಶ ಬದಲಾಗಿದ್ದರೆ ಪಂಚಾಯಿತಿಗೆ ಲಿಖಿತವಾಗಿ ತಿಳಿಸಬೇಕು. ತಿಂಗಳಿಗೊಮ್ಮೆ ಮಾಡುವ ಪರೀಕ್ಷೆಯನ್ನು ಆರು ತಿಂಗಳಿಗೆ ತಳ್ಳಬೇಕೆನ್ನಿಸಿದಾಗ, ಸೋತರೆ ಎಷ್ಟು ಊರುಗಳಿಗೆ ಹೀಗೆ ಮರಳಿ ಹೋಗಬೇಕಾದೀತು ಎಂದು ಮೊದಲು ಲೆಕ್ಕ ಹಾಕಿಕೊಳ್ಳಿ.